ಗಟ್ಟಿಯಾಗಿ ಓದಬಹುದಾದ ಪ್ರೋಗ್ರಾಂ



ಕಂಪ್ಯೂಟರ್ ಪ್ರೋಗ್ರಾಂ ವಿಚಾರವನ್ನು ರೇಡಿಯೋದಲ್ಲಿ ಮಾತಾಡುವವರಿಗೆ ತೋರಿಸಲು ಪರದೆ ಇಲ್ಲ, ಬರೆಯಲು ಹಲಗೆ ಇಲ್ಲ. ಏನಿದ್ದರೂ ಬಾಯಲ್ಲಿ ಹೇಳಿ ಕಿವಿಗೆ ಮುಟ್ಟಿಸಬೇಕು. ಇವತ್ತಿನ ವಿಷಯಕ್ಕೆ ಇದೇ ಸರಿಯಾದ ಒರೆಗಲ್ಲು ಎಂದು ನಾನು ನಂಬಿದ್ದೇನೆ. ಕೃತಕ ಬುದ್ಧಿಮತ್ತೆಯನ್ನು ಕಲಿಸುವುದಕ್ಕೆ ಯಾವ ಪ್ರೋಗ್ರಾಮಿಂಗ್ ಭಾಷೆ ಒಳ್ಳೆಯದು, ಕೋಡನ್ನು ಯಾವ ರೀತಿಯಲ್ಲಿ ಬರೆಯಬೇಕು ಎಂಬ ಚರ್ಚೆ ಪ್ರತಿ ವರ್ಷ ಹೊಸ ತರಗತಿ ಶುರುವಾಗುವ ಹೊತ್ತಿಗೆ ಮೇಷ್ಟ್ರುಗಳ ನಡುವೆ ಏಳುತ್ತದೆ. ಯಾವುದಕ್ಕೆ ವೇಗ ಹೆಚ್ಚು, ಯಾವುದರಿಂದ ಕೆಲಸ ಸಿಗುತ್ತದೆ ಎಂದು ಮಾತು ಹರಿಯುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಈ ಪ್ರೋಗ್ರಾಮನ್ನು ಒಬ್ಬ ವಿದ್ಯಾರ್ಥಿ ಎದ್ದು ನಿಂತು ಗಟ್ಟಿಯಾಗಿ ಓದಿದರೆ, ಹಿಂದಿನ ಬೆಂಚಿನಲ್ಲಿ ಕೂತವನಿಗೆ ಅದರೊಳಗಿನ ಉಪಾಯ ತಿಳಿಯುತ್ತದೆಯೇ? ತಿಳಿದರೆ ಆ ಭಾಷೆಯೂ ಸರಿ, ಬರೆದ ರೀತಿಯೂ ಸರಿ.

ಈ ಶಾಸ್ತ್ರಕ್ಕೆ ಮೊದಲಿನಿಂದಲೂ ತನ್ನದೇ ಒಂದು ಭಾಷೆ ಇತ್ತು. 1956ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಬೇಸಿಗೆ ಕೂಟಕ್ಕೆ ಕೃತಕ ಬುದ್ಧಿಮತ್ತೆ ಎಂಬ ಹೆಸರು ಕೊಟ್ಟ ಜಾನ್ ಮೆಕಾರ್ಥಿಯವರೇ, ಎರಡು ವರ್ಷದ ಬಳಿಕ ಎಂಐಟಿಯಲ್ಲಿ ಲಿಸ್ಪ್ ಎಂಬ ಭಾಷೆಯ ಕೆಲಸ ಆರಂಭಿಸಿದರು. 1960ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ಆ ಪ್ರಬಂಧದಲ್ಲಿ ಲಿಸ್ಪ್ ವಾಕ್ಯಗಳ ಬೆಲೆಯನ್ನು ಲೆಕ್ಕ ಹಾಕುವ ಒಂದು ಫಂಕ್ಷನ್ ಇತ್ತು, ಅದನ್ನೂ ಲಿಸ್ಪ್‌ನಲ್ಲೇ ಬರೆದಿತ್ತು. ಸ್ಟೀವ್ ರಸೆಲ್ ಎಂಬ ತರುಣ ಅದನ್ನು ಕೈಯಿಂದಲೇ ಐಬಿಎಂ 704 ಯಂತ್ರದ ಸಂಕೇತಗಳಿಗೆ ಇಳಿಸಿಬಿಟ್ಟ. ಕಾಗದದ ಮೇಲಿನ ವಿವರಣೆ ಓಡುವ ಭಾಷೆಯಾಯಿತು. ಆ ಕಾಲದ ಉಳಿದ ಹೆಚ್ಚಿನ ಭಾಷೆಗಳು ಸಂಖ್ಯೆಗಳ ಲೆಕ್ಕಕ್ಕೆ ಹುಟ್ಟಿದ್ದವು. ಲಿಸ್ಪ್ ಚಿಹ್ನೆಗಳ ಪಟ್ಟಿಯನ್ನು ಹಿಡಿದು ಆಡಿಸುತ್ತಿತ್ತು. ಪ್ರೋಗ್ರಾಂ ಕೂಡ ಒಂದು ಪಟ್ಟಿ, ಅದು ಕೆಲಸ ಮಾಡುವ ಮಾಹಿತಿಯೂ ಒಂದು ಪಟ್ಟಿ. ಹೀಗಾಗಿ ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮನ್ನು ಬರೆಯಬಹುದಿತ್ತು. ಯೋಚನೆಯ ಬಗ್ಗೆ ಯೋಚಿಸಬೇಕಾದ ಶಾಸ್ತ್ರಕ್ಕೆ ಇದಕ್ಕಿಂತ ಹೊಂದುವ ಗುಣ ಇರಲಿಲ್ಲ. ಮುಂದೆ ಮೂವತ್ತು ವರ್ಷ ಅಮೆರಿಕದ ತರಗತಿಗಳಲ್ಲಿ ಕೃತಕ ಬುದ್ಧಿಮತ್ತೆ ಎಂದರೆ ಬಹುಮಟ್ಟಿಗೆ ಲಿಸ್ಪ್ ಎಂದೇ ನಡೆಯಿತು.

ಈ ಪರಂಪರೆಯಲ್ಲಿ ಬೆಳೆದವರು ಪೀಟರ್ ನಾರ್ವಿಗ್. 1992ರಲ್ಲಿ ಅವರು ಕಾಮನ್ ಲಿಸ್ಪ್ ಬಳಸಿ ಒಂದು ದಪ್ಪ ಪುಸ್ತಕ ಬರೆದರು. ಅದರ ಮಾರ್ಗ ನನಗೆ ಇವತ್ತಿಗೂ ಬಹಳ ಇಷ್ಟ. ಎಲಿಜಾ ಎಂಬ ಹಳೆಯ ಸಂಭಾಷಣೆಯ ಪ್ರೋಗ್ರಾಂ, ಬೀಜಗಣಿತದ ಲೆಕ್ಕ ಬಿಡಿಸುವ ಸ್ಟೂಡೆಂಟ್ ಎಂಬ ಪ್ರೋಗ್ರಾಂ, ಯಾವುದೇ ಬಗೆಯ ಸಮಸ್ಯೆಯನ್ನು ಬಿಡಿಸಲು ಹೊರಟಿದ್ದ ಜನರಲ್ ಪ್ರಾಬ್ಲಮ್ ಸಾಲ್ವರ್ ಅಥವಾ ಜಿಪಿಎಸ್, ಹೀಗೆ ಚರಿತ್ರೆಯಲ್ಲಿ ಹೆಸರು ಮಾಡಿದ ಪ್ರೋಗ್ರಾಂಗಳನ್ನು ಒಂದೊಂದಾಗಿ ಎತ್ತಿಕೊಂಡು, ಕೆಲವೇ ಪುಟಗಳಿಗೆ ಹಿಡಿಯುವಷ್ಟು ಚಿಕ್ಕದಾಗಿ ಮತ್ತೆ ಕಟ್ಟಿ ತೋರಿಸಿದರು. ಮೊದಲು ಒಂದು ಒರಟು ರೂಪ, ಅದರ ದೋಷಗಳ ಪರಿಶೀಲನೆ, ಆಮೇಲೆ ತಿದ್ದಿದ ರೂಪ. ಕೋಡನ್ನು ಸಾಹಿತ್ಯದಂತೆ ಓದಿಸುವ ಅಧ್ಯಾಪನ ಅದು.

1995ರಲ್ಲಿ ಅದೇ ನಾರ್ವಿಗ್, ಸ್ಟೂವರ್ಟ್ ರಸೆಲ್ ಜೊತೆಗೂಡಿ ಇನ್ನೊಂದು ಪಠ್ಯಪುಸ್ತಕ ಹೊರತಂದರು. ಇಂದು ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳಲ್ಲಿ, ನಮ್ಮ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ, ಕೃತಕ ಬುದ್ಧಿಮತ್ತೆಗೆ ಓದುವ ಪುಸ್ತಕ ಅದು. ಅಲ್ಲಿ ಅವರು ಮಾಡಿದ ಒಂದು ತೀರ್ಮಾನವನ್ನು ಅಧ್ಯಾಪಕರೆಲ್ಲ ಗಮನಿಸಬೇಕು. ಪುಸ್ತಕದ ಒಳಗೆ ಯಾವ ಭಾಷೆಯ ಕೋಡನ್ನೂ ಹಾಕಲಿಲ್ಲ. ಅಲ್ಗಾರಿದಂಗಳನ್ನು ಸೂಡೋಕೋಡ್‌ನಲ್ಲಿ, ಅಂದರೆ ಯಾವ ಯಂತ್ರಕ್ಕೂ ಸೇರದ ಹಂತಹಂತದ ವಿವರಣೆಯಲ್ಲಿ ಬರೆದರು. ಓಡುವ ಲಿಸ್ಪ್ ಕೋಡನ್ನು ಪುಸ್ತಕದಿಂದಾಚೆ ಬೇರೆಯಾಗಿ ಕೊಟ್ಟರು. ಆಗ ವಿದ್ಯಾರ್ಥಿಗಳಿಂದ ಒಂದು ದೂರು ಬಂತು. ಪುಸ್ತಕದಲ್ಲಿನ ವಿವರಣೆಗೂ ಲಿಸ್ಪ್ ಕೋಡಿಗೂ ತಾಳೆ ಹಾಕುವುದೇ ಕಷ್ಟ, ಯಾವ ಸಾಲು ಯಾವ ಸಾಲಿಗೆ ಎಂದು ತಿಳಿಯುತ್ತಿಲ್ಲ. ಲಿಸ್ಪ್‌ನಲ್ಲಿ ಹೆಸರು ಗಳಿಸಿದ ಮನುಷ್ಯ, ತನ್ನ ಭಾಷೆಯೇ ಶ್ರೇಷ್ಠ ಎಂದು ವಾದಿಸಬಹುದಿತ್ತು. ಅವರು ಹಾಗೆ ಮಾಡದೆ, ಪುಸ್ತಕದ ಸೂಡೋಕೋಡಿಗೆ ಅತ್ಯಂತ ಹತ್ತಿರವಾಗಿ ಕಾಣುವ ಭಾಷೆ ಯಾವುದೆಂದು ಹುಡುಕಿದರು. ಸಿಕ್ಕಿದ್ದು ಪೈಥಾನ್. ಆಮೇಲೆ ಅದನ್ನು ತಾವೇ ಕಲಿತು ಉದಾಹರಣೆಗಳನ್ನು ಬರೆದರು.

ಕಾರಣ ನೋಡಿ. ಪೈಥಾನ್ ವೇಗವಾಗಿ ಓಡುತ್ತದೆ ಎಂದು ಅವರು ಅದನ್ನು ಹಿಡಿಯಲಿಲ್ಲ. ವಾಸ್ತವವಾಗಿ ಅದು ನಿಧಾನ. ಗೀಡೋ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಗೆ ಆಗ ಇವತ್ತಿನ ಮೆರವಣಿಗೆಯೂ ಇರಲಿಲ್ಲ. ಕಲಿಯುವವನ ಕಣ್ಣು ಪುಸ್ತಕದಿಂದ ಪರದೆಗೆ ಹೋದಾಗ ದಾರಿ ತಪ್ಪಬಾರದು, ಅಷ್ಟೇ ಅವರ ಅಳತೆಗೋಲು. ನನ್ನ ಅಳತೆಗೋಲೂ ಅದೇ.

ಸೂಡೋಕೋಡನ್ನು ಪುಸ್ತಕದೊಳಗೆ ಇಟ್ಟಿದ್ದರ ಲಾಭ ಮುಂದೆ ತಿಳಿಯಿತು. ಪೈಥಾನ್ 2 ಹೋಗಿ 3 ಬಂದಾಗ ಎಷ್ಟೋ ಪುಸ್ತಕಗಳ ಪ್ರೋಗ್ರಾಂಗಳು ಮೊದಲ ಪ್ರಿಂಟ್ ಸಾಲಿನಲ್ಲೇ ಮುಗ್ಗರಿಸಿದವು. 2020ರ ಜನವರಿ 1ಕ್ಕೆ ಹಳೆಯ ಆವೃತ್ತಿಯ ಪೋಷಣೆಯೇ ನಿಂತಿತು. ಈ ಪುಸ್ತಕದ ನಾಲ್ಕನೆಯ ಆವೃತ್ತಿ ಬಂದದ್ದು ಅದೇ ವರ್ಷ. ಲಿಸ್ಪ್, ಜಾವಾ, ಪೈಥಾನ್ ಮೂರರಲ್ಲೂ ಅದರ ಕೋಡ್ ಇದೆ, ಒಳಗಿನ ವಿವರಣೆ ಯಾವ ಭಾಷೆಯ ಹಂಗಿನಲ್ಲೂ ಇಲ್ಲ.

ಈಗ ಭಾಷೆಗಿಂತ ಹೆಚ್ಚಿನ ವಿಷಯಕ್ಕೆ, ಬರೆಯುವ ರೀತಿಗೆ ಬರೋಣ. ಆ ಪುಸ್ತಕದಲ್ಲಿ ರುಮೇನಿಯಾ ದೇಶದ ಒಂದು ಚಿಕ್ಕ ನಕ್ಷೆ ಇದೆ. ಅರಾದ್ ಎಂಬ ಊರಿನಿಂದ ಬುಖಾರೆಸ್ಟಿಗೆ ಹೋಗಬೇಕು. ಅರಾದಿನಿಂದ ಸಿಬಿಯುವಿಗೆ 140 ಕಿಲೋಮೀಟರ್. ಅಲ್ಲಿಂದ ಎರಡು ದಾರಿ. ಒಂದು, ಫಗರಾಸ್ ಮೂಲಕ: 99, ಆಮೇಲೆ 211. ಒಟ್ಟು 450. ಇನ್ನೊಂದು, ರಿಮ್ನಿಕು ವಿಲ್ಚಾ ಮತ್ತು ಪಿಟೆಸ್ಟಿ ಮೂಲಕ: 80, 97, 101. ಒಟ್ಟು 418. ನಡುವೆ ಊರು ಒಂದು ಹೆಚ್ಚು, ದೂರ ಮಾತ್ರ ಕಡಿಮೆ.

ದಾರಿ ಹುಡುಕುವ ಪ್ರೋಗ್ರಾಂ ಹೀಗಿರುತ್ತದೆ, ಓದುತ್ತೇನೆ. ಹೊರಟ ಊರನ್ನು ಕಾಯುವ ಪಟ್ಟಿಗೆ ಸೇರಿಸು. ಪಟ್ಟಿ ಬರಿದಾಗುವ ತನಕ ಹೀಗೆ ಮಾಡು: ಪಟ್ಟಿಯಿಂದ ಒಂದು ಊರನ್ನು ತೆಗೆ, ಅದೇ ಗುರಿಯಾಗಿದ್ದರೆ ಬಂದ ದಾರಿಯನ್ನು ಹೇಳಿ ನಿಲ್ಲು, ಇಲ್ಲವಾದರೆ ಬಂದ ದಾರಿಯಲ್ಲಿ ಇಲ್ಲದ ನೆರೆಯ ಊರುಗಳನ್ನು ಪಟ್ಟಿಗೆ ಸೇರಿಸು. ಮುಗಿಯಿತು. ಇದನ್ನು ಪೈಥಾನ್‌ನಲ್ಲಿ ಬರೆದರೂ ಸಾಲುಗಳ ಸಂಖ್ಯೆ ಹೆಚ್ಚಾಗುವುದಿಲ್ಲ.

ಇಲ್ಲಿ ಗುಟ್ಟಿರುವುದು ಪಟ್ಟಿಯಿಂದ ಯಾವ ಊರನ್ನು ತೆಗೆಯುತ್ತೇವೆ ಎಂಬುದರಲ್ಲಿ. ಪಡಿತರ ಅಂಗಡಿಯ ಸಾಲಿನ ಹಾಗೆ ಮೊದಲು ಬಂದವರನ್ನು ಮೊದಲು ಕರೆದರೆ ಅದು ಬ್ರೆಡ್ತ್ ಫಸ್ಟ್ ಹುಡುಕಾಟ. ಕಡಿಮೆ ಊರು ದಾಟುವ ದಾರಿ, ಅಂದರೆ 450 ಕಿಲೋಮೀಟರಿನದು, ಸಿಗುತ್ತದೆ. ಕೊನೆಗೆ ಬಂದವರನ್ನು ಮೊದಲು ಕರೆದರೆ ಡೆಪ್ತ್ ಫಸ್ಟ್. ಈವರೆಗೆ ನಡೆದ ದೂರ ಯಾರಿಗೆ ಕಡಿಮೆಯೋ ಅವರನ್ನು ಕರೆದರೆ 418ರ ದಾರಿ ಸಿಗುತ್ತದೆ. ನಡೆದ ದೂರದ ಜೊತೆಗೆ ಬುಖಾರೆಸ್ಟಿಗೆ ನೇರಗೆರೆಯ ದೂರವನ್ನೂ ಕೂಡಿಸಿ ನೋಡಿದರೆ ಅದು ಎ ಸ್ಟಾರ್. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಎಂಬ ಮೂವರು ಇದನ್ನು ಕೊಟ್ಟರು, ಷೇಕಿ ಎಂಬ ಚಲಿಸುವ ರೋಬೋಟಿನ ಕೆಲಸದ ನಡುವೆ. ನಾಲ್ಕು ಪ್ರಸಿದ್ಧ ಅಲ್ಗಾರಿದಂಗಳು, ವ್ಯತ್ಯಾಸ ಒಂದು ಸಾಲು.

ಆದರೆ ನಮ್ಮ ಅನೇಕ ಲ್ಯಾಬುಗಳಲ್ಲಿ ವಿದ್ಯಾರ್ಥಿಗಳು ಇವನ್ನು ನಾಲ್ಕು ಬೇರೆ ಬೇರೆ ಪ್ರೋಗ್ರಾಂ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ, ನಾಲ್ಕನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತಾರೆ. ನಕ್ಷೆಯ ವಿವರ, ಇನ್‌ಪುಟ್ ಕೇಳುವ ಸಾಲು, ಹುಡುಕಾಟ, ಪ್ರಿಂಟ್ ಎಲ್ಲವೂ ಒಂದೇ ಮುದ್ದೆಯಾಗಿ ಮೇನ್ ಫಂಕ್ಷನ್ನಿನಲ್ಲಿ ಬಿದ್ದಿರುತ್ತವೆ. ಟರ್ಬೋ ಸಿ ನೀಲಿ ಪರದೆಯ ಕಾಲದಿಂದ ಬಂದ ಈ ಅಭ್ಯಾಸ ಪೈಥಾನ್ ಬಂದ ಮೇಲೂ ಹೋಗಿಲ್ಲ. ಹಾಗೆ ಬರೆದಾಗ ಆ ಒಂದು ಸಾಲಿನ ವ್ಯತ್ಯಾಸ ಎಪ್ಪತ್ತು ಸಾಲಿನಲ್ಲಿ ಮುಳುಗಿಹೋಗುತ್ತದೆ, ಹುಡುಗನ ತಪ್ಪಿಲ್ಲ. ಸಮಸ್ಯೆ ಬೇರೆ, ಹುಡುಕಾಟ ಬೇರೆ ಎಂದು ಎರಡು ಭಾಗವಾಗಿ ಬರೆಯಬೇಕು. ಸಮಸ್ಯೆ ಎಂದರೆ ಎಲ್ಲಿಂದ ಹೊರಟೆ, ಎಲ್ಲಿಗೆ ಹೋಗಬೇಕು, ಇಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು, ಎಷ್ಟು ಖರ್ಚು. ಹುಡುಕಾಟಕ್ಕೆ ರುಮೇನಿಯಾ ಎಂಬ ಹೆಸರೇ ಗೊತ್ತಿರಬಾರದು. ಆಗ ನಾಳೆ ನಕ್ಷೆ ತೆಗೆದು ಎಂಟು ಚೌಕದ ಆಟವನ್ನೋ, ಎರಡು ಬಿಂದಿಗೆಗಳಲ್ಲಿ ನೀರು ಅಳೆಯುವ ಒಗಟನ್ನೋ ಇಟ್ಟರೂ ಅದೇ ಹುಡುಕಾಟ ಓಡುತ್ತದೆ. ಅದು ಓಡಿದ್ದನ್ನು ಕಂಡ ವಿದ್ಯಾರ್ಥಿಗೆ ಸಮಸ್ಯೆಯನ್ನು ಅಮೂರ್ತಗೊಳಿಸುವುದು ಎಂದರೇನು ಎಂದು ವ್ಯಾಖ್ಯೆ ಹೇಳಬೇಕಾಗಿಲ್ಲ.

ಎ ಸ್ಟಾರ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಸಿಬಿಯು ತೆಗೆದ ಮೇಲೆ ಕಾಯುವ ಪಟ್ಟಿಯಲ್ಲಿ ರಿಮ್ನಿಕು ವಿಲ್ಚಾಗೆ 413, ಫಗರಾಸಿಗೆ 415. ರಿಮ್ನಿಕು ತೆಗೆದಾಗ ಪಿಟೆಸ್ಟಿ 417ರೊಂದಿಗೆ ಒಳಗೆ ಬರುತ್ತದೆ. ಈಗ ಕಡಿಮೆ ಇರುವುದು 415ರ ಫಗರಾಸ್. ಅದನ್ನು ತೆಗೆದ ಕೂಡಲೇ ಅದರ ನೆರೆಯಾದ ಬುಖಾರೆಸ್ಟ್ 450ರೊಂದಿಗೆ ಪಟ್ಟಿಗೆ ಸೇರುತ್ತದೆ. ಗುರಿ ಕಣ್ಣಿಗೆ ಬಿತ್ತು ಎಂದು ಅಲ್ಲೇ ನಿಂತರೆ ಉತ್ತರ 450, ತಪ್ಪು. ಪಟ್ಟಿಯಿಂದ ತೆಗೆಯುವಾಗ ಮಾತ್ರ ಗುರಿಯೇ ಎಂದು ಪರೀಕ್ಷಿಸಿದರೆ, ಮುಂದೆ 417ರ ಪಿಟೆಸ್ಟಿ ಹೊರಬರುತ್ತದೆ, ಅದರ ಮೂಲಕ ಬುಖಾರೆಸ್ಟ್ 418ರೊಂದಿಗೆ ಮತ್ತೊಮ್ಮೆ ಸೇರುತ್ತದೆ, ಅದೇ ಮೊದಲು ಹೊರಬರುತ್ತದೆ. ಒಂದು ಸಾಲು ಎಲ್ಲಿ ಕೂತಿದೆ ಎಂಬುದರ ಮೇಲೆ 32 ಕಿಲೋಮೀಟರ್ ನಿಂತಿದೆ. ಹನ್ನೆರಡು ಸಾಲಿನ ಕೋಡಿನಲ್ಲಿ ಈ ಸ್ಥಾನ ಕಣ್ಣಿಗೆ ಹೊಡೆಯುತ್ತದೆ. ಪರೀಕ್ಷೆಯಲ್ಲಿ ಇಡೀ ಪ್ರೋಗ್ರಾಂ ಬರೆಯಿರಿ ಎನ್ನುವುದಕ್ಕಿಂತ, ಈ ಸಾಲನ್ನು ಎರಡು ಸಾಲು ಕೆಳಗಿಳಿಸಿದರೆ ಉತ್ತರ ಏನಾಗುತ್ತದೆ ಎಂದು ಕೇಳುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಕೋಡನ್ನು ಯಂತ್ರವೇ ಬರೆದುಕೊಡುವ ಈ ದಿನಗಳಲ್ಲಂತೂ ಓದಿ ತೂಗುವ ಶಕ್ತಿಗೇ ಅಂಕ ಸಲ್ಲಬೇಕು.

ಹೆಸರುಗಳ ಬಗ್ಗೆ ಒಂದು ಮಾತು. ಪೈಥಾನ್ ಸಮುದಾಯಕ್ಕೆ 2001ರಿಂದ ಪೆಪ್ 8 ಎಂಬ ಶೈಲಿಯ ಕೈಪಿಡಿ ಇದೆ. ಸಾಲು 79 ಅಕ್ಷರ ಮೀರಬಾರದು, ಹೆಸರುಗಳು ಹೀಗಿರಬೇಕು ಎಂದೆಲ್ಲ ಹೇಳುತ್ತದೆ. ಒಳ್ಳೆಯದೇ. ಆದರೆ ಕಲಿಸುವ ಕೋಡಿಗೆ ಅದಕ್ಕಿಂತ ಮೇಲಿನ ನಿಯಮ ಒಂದಿದೆ: ಪುಸ್ತಕದಲ್ಲಿ ಏನು ಹೆಸರೋ ಕೋಡಿನಲ್ಲೂ ಅದೇ ಇರಲಿ. ಎ ಸ್ಟಾರ್‌ನ ಸೂತ್ರ ಎಫ್ ಸಮ ಜಿ ಕೂಡಿಸು ಎಚ್; ಜಿ ಅಂದರೆ ನಡೆದ ದೂರ, ಎಚ್ ಅಂದರೆ ಗುರಿಗೆ ನೇರಗೆರೆಯ ದೂರ. ಅಲ್ಲಿ ಒಂಟಿ ಅಕ್ಷರಗಳೇ ಸರಿ. ಉದ್ದನೆಯ ವಿವರಣೆಯ ಹೆಸರಿಟ್ಟರೆ ಸೂತ್ರದ ಮುಖವೇ ಅಳಿಸಿಹೋಗುತ್ತದೆ. ಊರು, ದಾರಿ, ಖರ್ಚು ಇಂಥ ಲೋಕದ ವಸ್ತುಗಳಿಗೆ ಪೂರ್ತಿ ಹೆಸರು ಬೇಕು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೂ ಫಂಕ್ಷನ್‌ಗಳಿಗೂ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮೊತ್ತ, ದೂರ, ದಾರಿ ಎಂದು ಬರೆದರೆ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಮೊದಲ ವಾರಗಳಲ್ಲಿ ಇದನ್ನು ಧೈರ್ಯವಾಗಿ ಬಳಸಬೇಕೆಂದು ನನ್ನ ಒತ್ತಾಯ.

ಕಲಿಕೆಗೆ ಒಂದು ದೊಡ್ಡ ಅಪಾಯ ಪೈಥಾನ್ ಒಳಗಿಂದಲೇ ಬಂದಿದೆ. ಸೈಕಿಟ್ ಲರ್ನ್ ಎಂಬ ಲೈಬ್ರರಿ ತೆಗೆದುಕೊಳ್ಳಿ. ಮಾಹಿತಿ ಓದು, ಫಿಟ್ ಮಾಡು, ಪ್ರೆಡಿಕ್ಟ್ ಮಾಡು. ಮೂರು ಸಾಲಿಗೆ ನಿರ್ಧಾರದ ಮರ, ಅಂದರೆ ಒಂದೊಂದು ಪ್ರಶ್ನೆಗೂ ಕವಲೊಡೆದು ಉತ್ತರಕ್ಕೆ ಮುಟ್ಟಿಸುವ ಮರ, ತಯಾರು. ಆ ಮೂರು ಪದಗಳನ್ನು ಮುಟ್ಟದೆ ಮರದ ಹೆಸರಿನ ಜಾಗದಲ್ಲಿ ಇನ್ನೊಂದು ಹೆಸರು ಹಾಕಿದರೆ ನ್ಯೂರಲ್ ಜಾಲವೂ ತಯಾರು. ವೃತ್ತಿಯಲ್ಲಿ ಇರುವವರಿಗೆ ಇದು ವರ. ಕಲಿಯುವವರಿಗೆ ಮರದ ಒಳಗೆ ಏನಾಯಿತು ಎಂಬುದೇ ಮುಚ್ಚಿಹೋಯಿತು. ನಿರ್ಧಾರದ ಮರವನ್ನು ಕೈಯಾರೆ ಬರೆಯಲು ಉತ್ತರಗಳು ಎಷ್ಟು ಬೆರೆತಿವೆ ಎಂದು ಅಳೆಯುವ ಎಂಟ್ರೋಪಿ ಲೆಕ್ಕದ ಎರಡು ಸಾಲು, ಅತ್ಯುತ್ತಮ ಪ್ರಶ್ನೆ ಆರಿಸುವ ಮೂರು ಸಾಲು, ತನ್ನನ್ನೇ ಕರೆದುಕೊಳ್ಳುವ ಒಂದು ಫಂಕ್ಷನ್ ಸಾಕು. ಕೃತಕ ಬುದ್ಧಿಮತ್ತೆಯ ಸಂಶೋಧಕ ಆಂಡ್ರೇ ಕಾರ್ಪತಿಯವರು ಮೈಕ್ರೋಗ್ರಾಡ್ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದಾರೆ. ಪೈಟಾರ್ಚ್‌ನಂಥ ದೈತ್ಯ ಲೈಬ್ರರಿ ನ್ಯೂರಲ್ ಜಾಲವನ್ನು ತರಬೇತುಗೊಳಿಸುವಾಗ ಮಾಡುವ ಮುಖ್ಯ ಕೆಲಸ, ಅಂದರೆ ತಪ್ಪಿನ ಪಾಲನ್ನು ಹಿಂದಕ್ಕೆ ಹಂಚುತ್ತ ಹೋಗುವುದು, ಅದರಲ್ಲಿ ಸುಮಾರು ನೂರು ಸಾಲಿನಲ್ಲಿ ಇದೆ. ಅದನ್ನು ಒಮ್ಮೆ ಓದಿ, ಒಮ್ಮೆ ತಾನೇ ಬರೆದ ಮೇಲೆ ಲೈಬ್ರರಿ ಮುಟ್ಟಲಿ.

ಕಲಿಯುವವನ ಕಣ್ಣಿಗೆ ಹತ್ತಿರದ ಭಾಷೆ ಎಂಬ ಅಳತೆಗೋಲಿಗೆ ಇನ್ನೊಂದು ಉದಾಹರಣೆ. 2011ರಲ್ಲಿ ಪ್ರಾಧ್ಯಾಪಕ ಆಂಡ್ರೂ ಎಂಗ್ ಅವರ ಯಂತ್ರಕಲಿಕೆಯ ಪಾಠ ಇಂಟರ್ನೆಟ್ಟಿನಲ್ಲಿ ಬಂದಾಗ ಅವರು ಆಕ್ಟೇವ್ ಎಂಬ ಗಣಿತದ ಭಾಷೆ ಬಳಸಿದ್ದರು. ಮ್ಯಾಟ್ರಿಕ್ಸ್ ಗುಣಾಕಾರ ಅಲ್ಲಿ ಒಂದು ನಕ್ಷತ್ರ ಚಿಹ್ನೆ. ಹಲಗೆಯ ಮೇಲಿನ ಸೂತ್ರ ಹೆಚ್ಚುಕಡಿಮೆ ಹಾಗೆಯೇ ಪರದೆಗೆ ಬರುತ್ತಿತ್ತು. 2022ರಲ್ಲಿ ಹೊಸದಾಗಿ ರೂಪಿಸಿದಾಗ ಅವರೂ ಪೈಥಾನ್‌ಗೆ ಬಂದರು.

ಹಾಗಾದರೆ ಪೈಥಾನ್ ಒಂದೇ ಸಾಕೆ? ಸಾಲದು. ಪ್ರೊಲಾಗ್‌ಗೆ ಎರಡು ವಾರವಾದರೂ ಕೊಡಬೇಕು. 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅಲೆನ್ ಕೊಲ್ಮೆರೋ ಮತ್ತು ಫಿಲಿಪ್ ರೂಸೆಲ್ ಕಟ್ಟಿದ ಭಾಷೆ ಇದು. ಇಲ್ಲಿ ಹೇಗೆ ಮಾಡಬೇಕು ಎಂದು ಬರೆಯುವುದಿಲ್ಲ, ಯಾವುದು ನಿಜ ಎಂದು ಮಾತ್ರ ಬರೆಯುತ್ತೇವೆ. ನಮ್ಮ ಮನೆಗಳ ನಂಟುಗಳಿಗೆ ಇದು ಹೇಳಿ ಮಾಡಿಸಿದ ಭಾಷೆ. ತಾಯಿಯ ಅಣ್ಣನೋ ತಮ್ಮನೋ ಆದವನು ಸೋದರಮಾವ. ಈ ಒಂದು ನಿಯಮ, ಜೊತೆಗೆ ಯಾರು ಯಾರ ಮಗ, ಯಾರು ಯಾರ ಮಗಳು ಎಂಬ ಹತ್ತಾರು ಸಂಗತಿಗಳನ್ನು ಬರೆದಿಟ್ಟರೆ, ಕಮಲಳ ಸೋದರಮಾವ ಯಾರು ಎಂದು ಕೇಳಬಹುದು. ಅದೇ ನಿಯಮವನ್ನು ತಿರುಗಿಸಿ, ರಾಮಣ್ಣ ಯಾರ್ಯಾರಿಗೆ ಸೋದರಮಾವ ಎಂದೂ ಕೇಳಬಹುದು. ಹೆಸರು ಕೊಡದೆ, ಈ ಮನೆತನದಲ್ಲಿರುವ ಸೋದರಮಾವಂದಿರ ಜೋಡಿಗಳನ್ನೆಲ್ಲ ಹೇಳು ಎಂದರೂ ಹೇಳುತ್ತದೆ. ಬರೆದದ್ದು ಒಂದು, ಉತ್ತರ ಮೂರು ಬಗೆ. ಪೈಥಾನ್‌ನಲ್ಲಿ ಇದಕ್ಕೆ ಮೂರು ಫಂಕ್ಷನ್ ಬೇಕಾಗುತ್ತಿತ್ತು. ಹುಡುಕಾಟವನ್ನು ಭಾಷೆಯೇ ಹೊತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಬೇರೆ ದಾರಿ ನನಗೆ ತಿಳಿದಿಲ್ಲ.

ಕೊನೆಯದಾಗಿ, ನಮ್ಮ ನುಡಿಗೇ ಸೇರಿದ ಒಂದು ಅಭ್ಯಾಸ. 2007ರಲ್ಲಿ ನಾರ್ವಿಗ್ ಇಂಗ್ಲಿಷ್ ಕಾಗುಣಿತ ತಿದ್ದುವ ಪ್ರೋಗ್ರಾಮನ್ನು ಪೈಥಾನ್‌ನ 21 ಸಾಲಿನಲ್ಲಿ ಬರೆದರು. ತಪ್ಪು ಪದದಿಂದ ಒಂದು ಅಕ್ಷರ ಬಿಡಿಸು, ಪಕ್ಕದ ಎರಡನ್ನು ಅದಲುಬದಲು ಮಾಡು, ಒಂದನ್ನು ಬದಲಾಯಿಸು, ಒಂದನ್ನು ಸೇರಿಸು. ನಾಲ್ಕು ಕ್ರಿಯೆಗೆ ನಾಲ್ಕು ಸಾಲು. ಐದಕ್ಷರದ ಪದಕ್ಕೆ ಹೀಗೆ 295 ರೂಪಗಳು ಹುಟ್ಟುತ್ತವೆ. ಅವುಗಳಲ್ಲಿ ದೊಡ್ಡ ಪಠ್ಯರಾಶಿಯೊಂದರಲ್ಲಿ ಅತಿ ಹೆಚ್ಚು ಸಲ ಬಂದ ಪದವೇ ಉತ್ತರ. ಸಂಭವನೀಯತೆಯ ಪಾಠಕ್ಕೆ ಇಷ್ಟು ಚಿಕ್ಕ, ಇಷ್ಟು ಪೂರ್ಣವಾದ ಉದಾಹರಣೆ ಅಪರೂಪ.

ಇದನ್ನು ಕನ್ನಡಕ್ಕೆ ತನ್ನಿ ಎಂದು ವಿದ್ಯಾರ್ಥಿಗಳಿಗೆ ಕೊಡಿ. ಕನ್ನಡ ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್ 3ನ್ನು ಕೇಳಿದರೆ 5 ಎನ್ನುತ್ತದೆ: ಕ, ನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ. ನಮ್ಮ ಕಣ್ಣಿಗೆ ಅಕ್ಷರ ಮೂರು. ಸಿ ಭಾಷೆಯನ್ನು ಕೇಳಿದರೆ ಯುಟಿಎಫ್ 8 ಬೈಟ್‌ಗಳನ್ನು ಎಣಿಸಿ 15 ಎನ್ನುತ್ತದೆ. ಭಾಷೆಯ ಆಯ್ಕೆ ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ. ಮೀನು ಎಂಬ ಪದದಿಂದ ಮೊದಲ ಸಂಕೇತ ಬಿಡಿಸಿದರೆ ದೀರ್ಘದ ಗುಣಿತ ಚಿಹ್ನೆ ಒಡೆಯನಿಲ್ಲದೆ ಮುಂದೆ ನಿಲ್ಲುತ್ತದೆ. ಸುಮಾರು 60 ಸಂಕೇತಗಳೆಂದು ಹಿಡಿದರೆ ಐದು ಸಂಕೇತದ ಪದಕ್ಕೆ 669 ರೂಪಗಳು, ಅವುಗಳಲ್ಲಿ ಬಹಳಷ್ಟು ಉಚ್ಚರಿಸಲಾಗದವು. ಆಗ ವಿದ್ಯಾರ್ಥಿಗಳು ಪದವನ್ನು ಅಕ್ಷರಗಳಾಗಿ ಒಡೆಯುವ ಫಂಕ್ಷನ್ ಬರೆಯಬೇಕಾಗುತ್ತದೆ. ಹಲಂತ ಚಿಹ್ನೆ ಬಂದರೆ ಮುಂದಿನ ವ್ಯಂಜನವನ್ನು ಅಂಟಿಸಿಕೊ, ಗುಣಿತ ಬಂದರೆ ಹಿಂದಿನದಕ್ಕೆ ಸೇರಿಸು. ಒಡೆದ ಮೇಲೆ ಬದಲಾಯಿಸಲು ಅಕ್ಷರಗಳು ಸಾವಿರಗಟ್ಟಲೆ ಆಗಿಬಿಡುತ್ತವೆ, ಎಲ್ಲವನ್ನೂ ಹುಟ್ಟಿಸಿ ನೋಡುವ ಉಪಾಯ ಸಾಗುವುದಿಲ್ಲ. ದಕ್ಕೆ ಧ, ಲಕ್ಕೆ ಳ, ಶಕ್ಕೆ ಷ, ಅಕಾರ ಹಕಾರಗಳ ಅದಲುಬದಲು, ಜನ ನಿಜವಾಗಿ ಮಾಡುವ ಈ ತಪ್ಪುಗಳಿಗೆ ಕಡಿಮೆ ಖರ್ಚು ಇಡಬೇಕಾಗುತ್ತದೆ. ಇನ್ನು ಮನೆಯಲ್ಲಿದ್ದವರಿಗೂ ಎಂಬಂಥ ಪದ ಯಾವ ಪಟ್ಟಿಯಲ್ಲೂ ಇಡಿಯಾಗಿ ಸಿಗುವುದಿಲ್ಲ. ಪ್ರತ್ಯಯ ಬಿಡಿಸುವ ಇನ್ನೊಂದು ಫಂಕ್ಷನ್ ಬೇಕು, ಅದಕ್ಕೆ ವ್ಯಾಕರಣದ ಮೇಷ್ಟ್ರನ್ನು ಲ್ಯಾಬಿಗೆ ಕರೆಯಬೇಕು. 21 ಸಾಲು ನೂರಾಗುತ್ತದೆ, ಆಗಲಿ. ಆ ನೂರು ಸಾಲನ್ನು ಬರೆದ ಹುಡುಗಿ ಅದನ್ನು ತರಗತಿಯ ಮುಂದೆ ನಿಂತು, ಒಂದೊಂದು ಸಾಲಿಗೂ ಕಾರಣ ಹೇಳುತ್ತ ಓದಲಿ.